ಗುರುತು ಹೇಳುವವರು

ಸಂಜೆ ಆರಕ್ಕೆ ಮತಗಟ್ಟೆ ಮುಚ್ಚಬೇಕು. ಐದೂಮುಕ್ಕಾಲಿಗೆ ಬಿಳಿಯ ಮುದುಕ ಥರ್ಮನ್ ಬಿಡ್ಲ್ ಬಂದ. ಚರ್ಚಿನ ಊಟದ ಹಾಲೇ ಮತಗಟ್ಟೆ; ಅಲ್ಲಿ ಸಾಲು ನಿಂತಿದ್ದ ಕರಿಯರೆಲ್ಲ ಅವನತ್ತ ತಿರುಗಿದರು. ಆ ಮುಖವನ್ನು ಯಾರು ತಾನೇ ಮರೆತಾರು? ಇಪ್ಪತ್ತೆರಡು ವರ್ಷ ಕೌಂಟಿಯ ಮತದಾರರ ಪಟ್ಟಿ ಆ ಪುಣ್ಯಾತ್ಮನ ಕೈಯಲ್ಲಿತ್ತು. ಸಾಲು ಗೀಲು ನೋಡದೆ ಅವನು ನೆಟ್ಟಗೆ ಮೇಜಿನ ಹತ್ತಿರ ಹೋದ.

ಸಾಲಿನ ಮುಂದೆ ನಿಂತಿದ್ದವಳು ಆರ್ಜೂಲಾ ಗ್ಯಾಡಿಸ್. ಅರವತ್ತಾರು ವರ್ಷ, ಮಂಡಿನೋವು, ಬಾಯಿ ಮಾತ್ರ ಗಟ್ಟಿ. ಹಿಂದೆ ಮತದ ಹಕ್ಕಿಗಾಗಿ ಒಂಬತ್ತು ಸಲ ಬಿಡ್ಲ್‌ನ ಮುಂದೆ ಅರ್ಜಿ ತುಂಬಿ ಕೊಟ್ಟವಳು. ಓದು ಬರಹ ಎಲ್ಲ ಸರಿಯಿದ್ದರೂ ಅವನದೊಂದು ಕೊಕ್ಕೆ ಇದ್ದೇ ಇರುತ್ತಿತ್ತು: ನಿನ್ನನ್ನು ಬಲ್ಲ ಮತದಾರನೊಬ್ಬ ಬಂದು ಗುರುತು ಹೇಳಬೇಕು. ಅಲಬಾಮಾದ ಆ ಮೂಲೆಯಲ್ಲಿ ಆಗ ಮತವಿದ್ದ ಕರಿಯ ಒಬ್ಬನೂ ಇರಲಿಲ್ಲ. ಅವಳ ಗಂಡ ಲೆಮ್ಯುಯೆಲ್ ಯಾರ ಹೊಲದಲ್ಲಿ ಮೂವತ್ತೊಂದು ವರ್ಷ ಹತ್ತಿ ಬೆಳೆದನೋ ಆ ಬಿಳಿಯ ಧಣಿ, "ಇವರ್ಯಾರೋ ನನಗೆ ಗೊತ್ತಿಲ್ಲ" ಎಂದುಬಿಟ್ಟ. ತಾನೂ ಅರ್ಜಿ ಕೊಟ್ಟಿದ್ದ ಲೆಮ್ಯುಯೆಲ್ ಒಂದು ಸಲವೂ ಓಟು ಹಾಕದೆ ಸತ್ತ. ಮರುವರ್ಷವೇ ಕರಿಯರಿಗೂ ಮತ ಕೊಡಿಸುವ ಹೊಸ ಕಾನೂನು ಬಂತು, ಬಿಡ್ಲ್‌ನ ಕುರ್ಚಿ ಹೋಯಿತು. ಅದಾಗಿ ಏಳು ವರ್ಷ ಕಳೆದರೂ ಆರ್ಜೂಲಾಳ ಹೊಟ್ಟೆಯ ಉರಿ ಆರಿರಲಿಲ್ಲ.

ಮೇಜಿನ ಹಿಂದೆ ಕೂತಿದ್ದ ವರ್ನಾ ಪಟ್ಟಿಯನ್ನು ಎರಡು ಸಲ ನೋಡಿದಳು.

"ನಿಮ್ಮ ಹೆಸರಿಲ್ಲ ಸರ್."

"ಏನಂದೆ? ಈ ಕೌಂಟಿಗೆ ಪಟ್ಟಿ ಮಾಡಿದವನೇ ನಾನು!"

"ಇರ್ಬೋದು ಸರ್. ಪೇಟೆ ಬಿಟ್ಟು ಮಗನ ಮನೆಗೆ ಬಂದಿದೀರಲ್ಲ, ವಿಳಾಸ ಬದಲಾಯಿಸೇ ಇಲ್ಲ."

ತನ್ನಂಥವನೂ ಅರ್ಜಿ ಕೊಡಬೇಕೆಂದು ಆ ಮಹಾಶಯನಿಗೆ ಹೊಳೆದೇ ಇರಲಿಲ್ಲ.

"ನೋಡು, ನನ್ನ ಮಗ ಶೆರಿಫ್ ಚುನಾವಣೆಗೆ ನಿಂತಿದಾನೆ. ನಾನು ಓಟು ಹಾಕ್ಲೇಬೇಕು."

"ಹಾಗಾದ್ರೆ ಈ ಫಾರಂ ತುಂಬಿ. ನಿಮ್ಮನ್ನ ಬಲ್ಲೆ ಅಂತ ಇಲ್ಲಿನ ಮತದಾರರೊಬ್ರು ಇಲ್ಲೇ, ಈಗಲೇ ಪ್ರಮಾಣ ಮಾಡ್ಬೇಕು. ಅವರ ಹೆಸರನ್ನ ನೀವೇ ಬರೀಬೇಕು."

ಯಾರೋ ಕಿಸಕ್ಕೆಂದರು. ಆ ಮತಗಟ್ಟೆಗೆ ಸೇರಿದ್ದ ಮೂರು ಬಿಳಿಯ ಕುಟುಂಬದವರು, ಬಿಡ್ಲ್‌ನ ಮಗನೂ ಸೇರಿ, ಬೆಳಿಗ್ಗೆಯೇ ಓಟು ಹಾಕಿ ಹೋಗಿದ್ದರು. ಬಿಡ್ಲ್ ಸಾಲಿನತ್ತ ತಿರುಗಿದ. ಎಲ್ಲರೂ ಸೂರು ನೋಡತೊಡಗಿದರು.

"ನಾನಂತೂ ಇವರನ್ನ ಕಂಡೇ ಇಲ್ಲಪ್ಪ!" ಎಂದ ಕ್ಷೌರಿಕ ಹೊಸೀಯಾ.

"ನಾನು ಬಲ್ಲೆ," ಎಂದಳು ಆರ್ಜೂಲಾ.

"ತಲೆ ಕೆಟ್ಟಿದೆಯೇನಕ್ಕಾ ನಿಂಗೆ?"

"ಸುಮ್ನಿರೋ ಹೊಸೀಯಾ. ಇವರನ್ನ ನನ್ನಷ್ಟು ಬಲ್ಲೋರು ಈ ಕೌಂಟೀಲಿ ಯಾರಿದಾರೆ? ಬೈಬಲ್ ಮುಟ್ಟಿ ಹೇಳ್ತೀನಿ. ಬರೀರಿ ಸಾಹೇಬ್ರೇ, ನನ್ನ ಹೆಸರು ಬರೀರಿ."

ಬಿಡ್ಲ್‌ನ ಮುಖ ಅರಳಿತು. ಪೆನ್ನು ಫಾರಮ್ಮಿನ ತನಕ ಹೋಗಿ ನಿಂತಿತು.

"ಹೆಸರು ಹೇಳು ಆಂಟೀ." ವಯಸ್ಸಾದ ಕರಿಯ ಹೆಂಗಸರೆಲ್ಲ ಬಿಳಿಯರ ಬಾಯಲ್ಲಿ ಬರೀ ಆಂಟಿಯರೇ.

"ನಾನ್ಯಾಕೆ ಹೇಳ್ಲಿ? ಒಂಬತ್ತು ಸಲ ದುಂಡಗೆ ಬರೆದು ನಿಮ್ಮ ಕೈಗೇ ಕೊಟ್ಟಿದೀನಿ. ಒಂಬತ್ತು ಸಲ ಅದರ ಮೇಲೆ ಗೀಟು ಎಳೆದ್ರಿ. ಓದದೇನೇ ಎಳೆದ್ರಾ?"

ಬಿಡ್ಲ್ ಹಣೆ ಒರೆಸಿಕೊಂಡ.

"ಮೇರಿ?"

ಹಾಲಿಗೆ ಹಾಲೇ ಗೊಳ್ಳೆಂದು ನಕ್ಕಿತು.

"ರೂಬಿ... ರೂಬಿ ಅಲ್ವಾ?"

ಅವನು ವರ್ನಾಳತ್ತ ನೋಡಿದ. ವರ್ನಾ ಹೆಸರು ಹೇಳಲು ಬಾಯಿ ತೆರೆದಳು. ಆರ್ಜೂಲಾ ದುರುಗುಟ್ಟಿದಳು. ಬಾಯಿ ಮುಚ್ಚಿತು. ಸಾಲಿನಲ್ಲಿದ್ದವರೆಲ್ಲ ಆರ್ಜೂಲಾಳ ಕೈಯ ಜೋಳದ ರೊಟ್ಟಿ ತಿಂದು ಬೆಳೆದವರೇ. ಒಬ್ಬರೂ ತುಟಿ ಪಿಟ್ಟೆನ್ನಲಿಲ್ಲ. ಗೋಡೆಯ ಗಡಿಯಾರದಲ್ಲಿ ಇನ್ನು ಐದೇ ನಿಮಿಷ.

"ದಯವಿಟ್ಟು ಹೇಳಮ್ಮಾ," ಎಂದ ಬಿಡ್ಲ್.

ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ಪಾಪ, ಮುದುಕ ಎನ್ನುತ್ತಿದ್ದರೇನೋ. ಅವಳಿಗೆ ಹಾಗನ್ನಿಸಲಿಲ್ಲ. ಅನ್ನಿಸಲಿಲ್ಲವೆಂದು ನಾಚಿಕೆಯೂ ಆಗಲಿಲ್ಲ.

"ನನ್ನ ಗಂಡನೂ ನಿಮ್ಮ ಮುಂದೆ ಹೀಗೇ ದಯವಿಟ್ಟು ಅಂದಿದ್ದ," ಎಂದಳು. ಖಾಲಿ ಫಾರಂ ಅವನ ಕೈಯಿಂದ ಕಿತ್ತು ಮೇಜಿನ ಮೇಲಿಟ್ಟಳು. "ವರ್ನಾ, ಈ ಮನುಷ್ಯನಿಗೆ ನನ್ನ ಗುರುತಿಲ್ಲ. ನಾನೂ ಗುರುತು ಹೇಳಲ್ಲ. ಎಲ್ಲಿ, ನನ್ನ ಓಟಿನ ಚೀಟಿ ಕೊಡು."

ಬಿಡ್ಲ್ ಬಾಗಿಲು ದಾಟುವಷ್ಟರಲ್ಲಿ ಅವಳು ಪರದೆಯ ಹಿಂದೆ ಹೋಗಿ, ಅವನ ಮಗನ ಎದುರಾಳಿಗೆ ಓಟು ಹಾಕಿದಳು. ಅವಳ ಹೊಟ್ಟೆ ತಣ್ಣಗಾಯಿತು.