ತುಂಬಿದ ಗಾಡಿ ಮೊದಲು

ಜೋಳ ಕೇರುತ್ತ ಕೂತಿದ್ದೆ. ಒಂದು ಲಾರಿ ಹೋದರೆ ಸಾಕು, ಹಸನು ಮಾಡಿದ ಜೋಳದ ಮೇಲೆ ಮತ್ತೆ ಕೆಂಪು ಧೂಳು. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಬಂದು ಊರು ಬೆಳೆಯಿತು, ಲಾರಿ ಹೆಚ್ಚಿದವು. ನಮ್ಮ ಓಣಿಯ ಮುಂದಿನ ಹಳಿಯಾಳ ರಸ್ತೆ ಮಾತ್ರ ಚಕ್ಕಡಿಯ ಕಾಲದ್ದೇ ಉಳಿಯಿತು.

ಹಳ್ಳದ ಸೇತುವೆ ಒಂದೇ ಗಾಡಿಯಷ್ಟು ಅಗಲ. ಎದುರುಬದುರಾದರೆ ತುಂಬಿದ್ದು ಮುಂದೆ, ಖಾಲಿಯದು ಹಿಂದೆ. ಯಾರೂ ಬರೆದಿಟ್ಟ ಕಾನೂನಲ್ಲ. ಬಿದಿರು ಹೇರಿದ ಲಾರಿ ಏರಿನಲ್ಲಿ ಹಿಂದೆ ಸರಿದರೆ ಉರುಳುತ್ತದೆಂದು ಎಲ್ಲರೂ ಪಾಲಿಸುತ್ತಿದ್ದರು.

ಸೇತುವೆ ಅಗಲ ಮಾಡಿಸಲು ರಸ್ತೆ ಕಚೇರಿಯವರನ್ನು ಕೇಳಿದರೆ, ರಸ್ತೆ ಕೆಡಿಸುವ ಲಾರಿಯವರೇ ದುಡ್ಡು ಹಾಕಲಿ ಎಂದರು. ಬಿದಿರಿನ ಗುತ್ತಿಗೆದಾರನನ್ನು ಕೇಳಿದರೆ, ರಸ್ತೆ ಸರಕಾರದ್ದು ಎಂದ. ಕೊನೆಗೆ ಕಾರವಾರದ ಕಲೆಕ್ಟರ ಸಾಹೇಬರಿಗೆ ಓಣಿಯ ಪರವಾಗಿ ನಾನೇ ಅರ್ಜಿ ಬರೆದೆ. ಎಲ್ಲ ಮನೆಯವರ ಹೆಬ್ಬೆಟ್ಟು ಬೀಳದೆ ಕಳಿಸಬಾರದೆಂದು ಹಿರಿಯ ಗೂಳಪ್ಪನ ಹಟ. ಉಳಿದದ್ದು ಪಕ್ಕದ ಮನೆಯ ಮಿಂಗೇಲನದೊಂದೇ. ಅವನು ಸಿದ್ದಿ ಜನಾಂಗದವನು, ಅದೇ ಗುತ್ತಿಗೆದಾರನ ಬಳಿ ಬಿದಿರು ಹೇರುವ ಆಳು.

"ಒತ್ತಿದ್ರ ನಾಳಿಂದ ಬಿದರ ಮುಟ್ಟಗೊಡೂದಿಲ್ಲ ಆಯಿ ಅವ. ಕೂಸು ಹುಟ್ಟಲಿ, ಆಮ್ಯಾಲ ನೋಡೂಣು."

ಅವನ ಹೆಂಡತಿ ಕಾತರಿನಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಹೆಬ್ಬಟ್ಟ ಕೇಳಿದ್ರ ಕುತ್ತಿಗಿನ ಕೇಳಿದಂಗ ಮಾಡ್ತಾನ ನೋಡ್ರಿ ಆಯಿ!"

ಅರ್ಜಿ ನನ್ನ ಪೆಟ್ಟಿಗೆಯಲ್ಲೇ ಮಳೆಗಾಲ ಕಳೆಯಿತು.

ಅವತ್ತು ಮೊರ ಕೆಳಗಿಡುವುದಕ್ಕೂ ಬಿಡದೆ ಮಿಂಗೇಲ್ ಕೂಗುತ್ತ ಬಂದ. ಬೆಳಗಿನಿಂದ ಬೇನೆ ತಿನ್ನುತ್ತಿದ್ದ ಕಾತರಿನಾಳನ್ನು ಹಳಿಯಾಳದ ದವಾಖಾನೆಗೆ ಒಯ್ಯಿರೆಂದು ಸೂಲಗಿತ್ತಿ ಕೈಚೆಲ್ಲಿದ್ದಳು. ಓಣಿಯ ಯಲ್ಲಪ್ಪನ ಚಕ್ಕಡಿಯಲ್ಲಿ ಹುಲ್ಲು ಹಾಸಿ ಅವಳನ್ನು ಮಲಗಿಸಿ, ನಾನೂ ಹತ್ತಿದೆ.

ಸೇತುವೆಯ ನಡುವೆ ಬಿದಿರಿನ ಲಾರಿ ಎದುರಾಯಿತು. ಹಿಂದೆ ಇನ್ನೊಂದು, ಅದರ ಹಿಂದೆ ಸಾಲೇ ಸಾಲು.

"ಏ ಯಲ್ಲಪ್ಪಾ, ಖಾಲಿ ಚಕ್ಕಡಿ ಹಿಂದ ತಗಿಯೋ!" ಲಾರಿಯ ಡ್ರೈವರ್ ಕೂಗಿದ.

"ಖಾಲಿ ಎಲ್ಲೈತೋ? ಬ್ಯಾನಿ ತಿನ್ನೂ ಹೆಣಮಗಳ ಅದಾಳ ಒಳಗ!"

"ಹಂಗಾರ ಲಗೂ ಸರಿ! ನಾ ಹಿಂದ ಹೊಂಟ್ರ ಹಳ್ಳದಾಗ ಬೀಳ್ತೇನಿ!"

ಯಲ್ಲಪ್ಪ ಅಲುಗಾಡಲಿಲ್ಲ. ಕೆಳಗಿಳಿದದ್ದು ಮಿಂಗೇಲ್. ಲಾರಿಯ ಹೇರು ನೋಡಿದ. ನಿನ್ನೆ ತಾನೇ ಬಿಗಿದ ಹಗ್ಗದ ಗಂಟು ಅದು. ಅದರ ಭಾರ ಅವನಿಗೆ ಗೊತ್ತಿತ್ತು. "ಒಂದ ದಾಟಿಬಿಡಲಿ," ಎಂದು ನೊಗಕ್ಕೆ ಕೈಹಾಕಿ ಎತ್ತುಗಳನ್ನು ಹಿಂದಕ್ಕೆ ನಡೆಸಿದ.

ಒಂದು ದಾಟಿತು. ಅದರ ಬಾಲಕ್ಕೇ ಇನ್ನೊಂದು ಸೇತುವೆ ಹತ್ತಿತು. ಅದೂ ತುಂಬಿದ್ದೇ. ಮಿಂಗೇಲ್ ಕೈಯೆತ್ತಿ ಕೂಗಿದ, ಅಡ್ಡ ನಿಂತು ಕೈ ಮುಗಿದ. ಏರು ಹತ್ತಿದ ಮೇಲೆ ನಿಲ್ಲಿಸಲಾಗದೆಂದು ಪ್ರತಿಯೊಬ್ಬ ಡ್ರೈವರನೂ ಹಾರ್ನ್ ಬಾರಿಸಿದ.

"ಇನ್ನೆಷ್ಟ ಅದಾವ ಆಯಿ?" ಕಾತರಿನಾ ಕೇಳಿದಳು.

"ಇದ ಕಡೀದವ್ವಾ," ಎಂದೆ.

ಮತ್ತೆ ಕೇಳಿದಳು, ಮತ್ತೆ ಅದನ್ನೇ ಹೇಳಿದೆ. ಆಮೇಲೆ ಅವಳು ಕೇಳಲಿಲ್ಲ. ಸೇತುವೆ ತೆರವಾದಾಗ ಯಲ್ಲಪ್ಪ ಎತ್ತು ಹೊಡೆಯಲು ಚಾಟಿ ಎತ್ತಿದ. ನಾನು ಬೇಡವೆಂದು ಅವನ ಬೆನ್ನು ಮುಟ್ಟಿದೆ.

ತಾಯಿಯನ್ನೂ ಕೂಸನ್ನೂ ಒಂದೇ ಕುಣಿಯಲ್ಲಿ ಇಟ್ಟು ಬಂದ ಮೇಲೆ ಮಿಂಗೇಲ್ ಕೆಲಸಕ್ಕೆ ಹೋಗಲಿಲ್ಲ. ಒಂದು ಮುಂಜಾನೆ ನನ್ನ ಬಾಗಿಲಿಗೆ ಬಂದ.

"ಅರ್ಜಿ ತಗೀರಿ ಆಯಿ. ಓದ್ರಿ."

"ಸದರೀ ಸೇತುವೆ ಚಿಕ್ಕದಿದ್ದು, ಜನರಿಗೆ ಬಹಳ ಅಡಚಣೆಯಾಗುತ್ತಿದೆ..."

"ಅಡಚಣಿ ಅಷ್ಟ ಏನು?"

"ಬರದಾಗ ಅಷ್ಟ ಇತ್ತಪಾ."

"ಆಕಿ ಹೆಸರ ಹಾಕ್ರಿ."

ಹಾಕಿದೆ. ಕೂಸಿಗೆ ಹೆಸರಿರಲಿಲ್ಲ, 'ಮತ್ತು ಕೂಸು' ಎಂದು ಬರೆದೆ. ಕಂದೀಲಿನ ಮಸಿಗೆ ಎಣ್ಣೆ ಕಲಸಿ ಕೊಟ್ಟೆ. ಅವನು ಹೆಬ್ಬೆಟ್ಟನ್ನು ಕಾಗದದ ಮೇಲೆ ಒತ್ತಿ ಬಹಳ ಹೊತ್ತು ತೆಗೆಯಲೇ ಇಲ್ಲ.

ಹಳಿಯಾಳಕ್ಕೆ ಹೊರಟ ಟಪಾಲಿನ ಬಸ್ಸು ಲಾರಿಗಳ ಸಾಲಿಗೆ ಸಿಕ್ಕಿ ನಮ್ಮ ಓಣಿಯ ಮುಂದೆಯೇ ನಿಂತಿತ್ತು. ಕಂಡಕ್ಟರ್ ಖಾಜಾಸಾಬ ಕಿಟಕಿಯಿಂದ ಕೈಚಾಚಿ ಲಕೋಟೆ ತೆಗೆದುಕೊಂಡ.

"ಎಂದ ಮುಟ್ಟತೈತ್ರಿ?" ಮಿಂಗೇಲ್ ಕೇಳಿದ.

"ಮೊದಲ ಸೇತುವೆ ದಾಟಬೇಕಲ್ಲೋ ತಮ್ಮಾ," ಎಂದು ಖಾಜಾಸಾಬ ಅದನ್ನು ಟಪಾಲು ಚೀಲಕ್ಕೆ ಹಾಕಿ ಬಾಯಿ ಕಟ್ಟಿದ.

ಬಸ್ಸು ನಿಂತೇ ಇತ್ತು. ಮಿಂಗೇಲನೂ ಅದರ ಪಕ್ಕಕ್ಕೇ ನಿಂತಿದ್ದ.