ಬಿಟ್ಟುಕೊಟ್ಟ ಆಟಗಳು

ಮೈತ್ರೇಯಿಗೆ ಚೆಸ್ ಕಲಿಸಿದವನು ಗಂಡ ಅಶ್ವತ್ಥ. ದೇವರಾಜ ಮೊಹಲ್ಲಾದ ಅಂಗಡಿಯೊಂದರ ಮಹಡಿಯಲ್ಲಿ ಅವನು ಚೆಸ್ ಕ್ಲಾಸ್ ನಡೆಸುತ್ತಿದ್ದ. ಕಾದು ಕುಳಿತು ಆಡುವುದು ಮೈತ್ರೇಯಿಗೆ ಒಗ್ಗಲಿಲ್ಲ. ಅವಳಿಗೆ ಹಿಡಿಸಿದ್ದು ಗ್ಯಾಂಬಿಟ್: ಶುರುವಿನಲ್ಲೇ ಒಂದು ಪೇದೆಯನ್ನು ಬಲಿ ಕೊಟ್ಟು, ಎದುರಾಳಿ ಅದನ್ನು ನುಂಗುವಷ್ಟರಲ್ಲಿ ಕುದುರೆ, ಆನೆಗಳನ್ನು ಅವನ ರಾಜನ ಮೇಲೆ ನುಗ್ಗಿಸುವುದು. ಸಂಜೆ ಕಾಫಿಯಾದ ಮೇಲೆ ಇಬ್ಬರೂ ಆಡುತ್ತಿದ್ದರು. ಅಶ್ವತ್ಥ ಪೇದೆಯನ್ನು ಹೊಡೆದು, ಅದನ್ನು ಉಳಿಸಿಕೊಳ್ಳಲು ಹೆಣಗಿ, ಹೆಚ್ಚಿನ ದಿನ ಸೋಲುತ್ತಿದ್ದ. ಮೇಷ್ಟ್ರನ್ನೇ ಸೋಲಿಸುವವಳೆಂದು ನೆಂಟರಲ್ಲಿ ಅವಳಿಗೆ ಹೆಸರಾಗಿತ್ತು. ಬ್ಯಾಂಕಿನಲ್ಲಿ ಬಡ್ತಿ ಕೈತಪ್ಪಿದ ವರ್ಷ ಅವಳು ಕುಗ್ಗದೆ ಉಳಿದದ್ದು ಆ ಸಂಜೆಗಳಿಂದಲೇ.

ಈ ಬೇಸಿಗೆಯಲ್ಲಿ ಕುವೆಂಪುನಗರದ ಸಭಾಂಗಣವೊಂದರಲ್ಲಿ ಪಂದ್ಯಾವಳಿ ಏರ್ಪಟ್ಟಾಗ ಮೈತ್ರೇಯಿ ಹೆಸರು ಕೊಟ್ಟಳು. ಅಶ್ವತ್ಥ ಸೆಕೆ, ಗದ್ದಲ ಎಂದೆಲ್ಲ ನೆಪ ಹೇಳಿ ತಡೆಯಲು ನೋಡಿದ. ಅವಳು ಕೇಳಲಿಲ್ಲ.

ಮೊದಲ ಸುತ್ತಿನಲ್ಲಿ ಎದುರಿಗೆ ಕೂತವಳು ಅನು, ರಾಜೀವನಗರದ ಕಾಲೇಜು ಹುಡುಗಿ. ಮೈತ್ರೇಯಿ ಕೊಟ್ಟ ಪೇದೆಯನ್ನು ಅವಳು ಹೊಡೆದಳು. ಮರುನಡೆಯಲ್ಲೇ ತನ್ನದೊಂದು ಪೇದೆಯನ್ನು ವಾಪಸು ಕೊಟ್ಟು ಕುದುರೆಗಳನ್ನು ಹೊರತಂದಳು. ಮೈತ್ರೇಯಿಗೆ ನುಗ್ಗಲು ದಾರಿಯೇ ಸಿಗಲಿಲ್ಲ. ಬೇಗನೆ ಸೋತಳು.

ಕಾಯಿ ಜೋಡಿಸುತ್ತ, ಇದನ್ನೆಲ್ಲಿ ಕಲಿತೆ ಎಂದು ಕೇಳಿದಳು.

"ಅಶ್ವತ್ಥ ಸರ್ ಅಂತ ಇದಾರೆ ಆಂಟಿ. ಹೊಸಬರಿಗೆಲ್ಲ ಮೊದಲು ಇದನ್ನೇ ಹೇಳ್ಕೊಡ್ತಾರೆ."

ಉಳಿದ ಸುತ್ತುಗಳನ್ನು ಬಿಟ್ಟು ಅವಳು ಹೊರಗೆ ಬಂದಳು. ಅಶ್ವತ್ಥ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಅವಳು ಹತ್ತಲಿಲ್ಲ.

"ಬೇಕಂತಲೇ ಸೋಲ್ತಿದ್ರಾ?"

ಅವನು ಹೌದೆಂದ. ಮೊದಮೊದಲು ಸೋತಾಗ ಅವಳು ಮಾತೇ ಬಿಟ್ಟಿದ್ದಳೆಂದ. ಗೆಲ್ಲಿಸುವುದು ಒಮ್ಮೆ ಅಭ್ಯಾಸವಾದ ಮೇಲೆ ನಿಲ್ಲಿಸಲು ಧೈರ್ಯ ಬರಲಿಲ್ಲವೆಂದ.

"ನೀನು ಖುಷಿಯಾಗಿರ್ಲಿ ಅಂತ ಕಣೆ."

"ಊರಿನವರಿಗೆಲ್ಲ ನಿಜ ಕಲಿಸಿದ್ರಿ. ನನ್ನನ್ನ ಮಾತ್ರ ಮಗು ಥರ ಆಡಿಸಿದ್ರಿ."

ಅವಳು ಮನೆಗೆ ನಡೆದೇ ಹೋದಳು. ಅವನು ಸ್ವಲ್ಪ ದೂರ ಸ್ಕೂಟರ್ ತಳ್ಳಿಕೊಂಡು ಹಿಂದೆ ಬಂದ. ಅವಳು ತಿರುಗಿ ನೋಡಲಿಲ್ಲ.

ಕೆಲವು ದಿನ ಕಳೆದ ಮೇಲೆ, ಇನ್ನು ಸರಿಯಾಗಿ ಆಡುತ್ತೇನೆಂದು ಅಶ್ವತ್ಥ ಚೆಸ್ ಮಣೆ ಮುಂದಿಟ್ಟ. ಅವತ್ತು ಅವನು ಸಲೀಸಾಗಿ ಗೆದ್ದ. ಮಾರನೆಯ ಸಂಜೆ ಅವಳು ಗೆದ್ದಳು. ಗೆದ್ದವಳು ಅವನ ಮುಖವನ್ನೇ ಬಹಳ ಹೊತ್ತು ನೋಡಿದಳು. ನಿಜವಾಗಿಯೂ ಸೋತೆನೆಂದು ಅವನು ಆಣೆ ಮಾಡಿದ. ಇರಬಹುದು, ಆದರೆ ಅವಳಿಗೆ ನಂಬಲಾಗಲಿಲ್ಲ.

ಅಲ್ಲಿಗೆ ಅವನೊಂದಿಗೆ ಆಡುವುದು ನಿಂತಿತು. ಈಗ ಮೈತ್ರೇಯಿ ಶನಿವಾರ ಮಧ್ಯಾಹ್ನ ರಾಜೀವನಗರಕ್ಕೆ ಹೋಗಿ ಅನುವಿನ ಜೊತೆ ಆಡುತ್ತಾಳೆ. ಅಲ್ಲಿ ಇನ್ನೂ ಒಂದು ಆಟವನ್ನೂ ಗೆದ್ದಿಲ್ಲ.