ಮಗಳ ಹೆಸರಿಗೆ ಬಂದ ಕರೆ

ಹುಲಗಪ್ಪ ಮಾಸ್ತರರ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಬುದ್ಧವಂದನೆ ಎಂದೂ ತಪ್ಪುತ್ತಿರಲಿಲ್ಲ. ಗೋಡೆಯ ಗೂಡಿನಲ್ಲಿ ಬುದ್ಧನ ಮೂರ್ತಿ. ಅದರ ಕೆಳಗೆ, ಹೋದ ವರ್ಷದಿಂದ, ಹೆಂಡತಿ ಗುಡ್ಡವ್ವನ ಫೋಟೋ. ಮಾಸ್ತರರು ಮುಂದೆ ಹೇಳುವರು. ಮಗ ಪ್ರತಾಪ, ಮಗಳು ಸಂಘಮಿತ್ರಾ ಅವರ ಹಿಂದೆ ಹೇಳುವರು. ಪಂಚಶೀಲ ಮುಗಿದ ಮೇಲೆ ಮೂವರೂ ಕೂತು ಚಹಾ ಕುಡಿಯುವರು. ಆಗ ಮಗಳು ಕೇಳುವ ಮಾತು ಒಂದೇ.

"ಅಣ್ಣಾ, ಫೋನ್ ಬಂದಿತ್ತೇನು?"

ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದ ಒಂದು ಕಂಪನಿಗೆ ಅವಳು ಅರ್ಜಿ ಹಾಕಿದ್ದಳು. ಯಂತ್ರಗಳನ್ನು ನಡೆಸುವ ತಂತ್ರಾಂಶವನ್ನು ಪರೀಕ್ಷಿಸುವ ಕೆಲಸ. ಲಿಖಿತ ಪರೀಕ್ಷೆ ಚೆನ್ನಾಗಿ ಆಗಿತ್ತು. ಇನ್ನು ಸಂದರ್ಶನಕ್ಕೆ ಕರೆಯಬೇಕು. ಅವಳ ಬಳಿ ಫೋನ್ ಇರಲಿಲ್ಲವೆಂದಲ್ಲ. ಆದರೆ ಅರ್ಜಿಯಲ್ಲಿ ಬರೆದದ್ದು ಅಣ್ಣನ ನಂಬರು. ಹೆಣ್ಣುಮಕ್ಕಳ ನಂಬರು ಹೊರಗಿನವರ ಕೈಗೆ ಹೋಗಬಾರದು ಎಂಬುದು ಆ ಮನೆಯ ಕಟ್ಟಳೆ, ಮತ್ತು ಅದನ್ನು ಮಾಡಿದವರು ಮಾಸ್ತರರೇ. ಅವರು ಮುಖ್ಯೋಪಾಧ್ಯಾಯರಾಗಿದ್ದಾಗ ಒಬ್ಬ ವಿದ್ಯಾರ್ಥಿನಿಯ ನಂಬರು ಪುಂಡರಿಗೆ ಸಿಕ್ಕಿತ್ತು. ಪುಂಡರನ್ನು ಯಾರೂ ಕೇಳಲಿಲ್ಲ. ಅವಳ ತಂದೆ ಅವಳನ್ನೇ ಶಾಲೆ ಬಿಡಿಸಿದ. ಅಂದಿನಿಂದ ಮಾಸ್ತರರು ಎಲ್ಲ ಹುಡುಗಿಯರ ಹೆಸರಿನ ಮುಂದೆಯೂ ಅಪ್ಪನದೋ ಅಣ್ಣನದೋ ನಂಬರು ಬರೆಸಿದರು. ಒಳ್ಳೆಯ ಕೆಲಸ ಮಾಡಿದೆ ಎಂದೇ ನಂಬಿದ್ದರು.

"ಬಂದ್ರ ಹೇಳ್ತಿದ್ದಿಲ್ಲೇನವಾ?" ಎಂದ ಪ್ರತಾಪ. "ಬರತದ ತಗೋ, ನಿನಗೇನ್ ಚಿಂತಿ. ಹೆಣ್ಮಕ್ಕಳನ್ನ ಇಷ್ಟು ಮಂದಿ ತಗೋಬೇಕಂತ ಈಗ ಕಂಪನಿಯವರು ಪಣಾ ತೊಟ್ಟಾರ. ಪೇಪರ್ನ್ಯಾಗ ದಿನಾ ಅದ ಸುದ್ದಿ. ನಾವು ಗೇಟಿನ ಹೊರಗ ನಿಂತು ನೋಡೂದು."

ಇಂಥದೇ ಕೆಲಸದ ಪರೀಕ್ಷೆಯಲ್ಲಿ ಅವನು ಎರಡು ಸಲ ಹಿಂದೆ ಬಿದ್ದಿದ್ದ.

"ನಾನೂ ಪರೀಕ್ಷಾ ಬರದೇನಿ ಅಣ್ಣಾ. ನಿನಗ ಕೊಟ್ಟ ಪೇಪರ್ರ ನನಗೂ ಕೊಟ್ಟಿದ್ರು."

"ಬರದಿ, ಖರೇ. ಆದ್ರ ಹೆಸರು ನೋಡಿ ನಾಕ್ ಮಾರ್ಕ್ಸ್ ಹೆಚ್ಚಿಗಿ ಹಾಕಿರ್ತಾರ."

ಮಾಸ್ತರರ ಬಟ್ಟಲು ತುಟಿಯ ಹತ್ತಿರವೇ ನಿಂತಿತು. ಅವರು ನೌಕರಿಗೆ ಸೇರಿದ ಮೊದಲ ವಾರ, ಶಿಕ್ಷಕರ ಕೋಣೆಯಲ್ಲಿ ಒಬ್ಬ ಸಹೋದ್ಯೋಗಿ ಪತ್ರಿಕೆಯಿಂದ ಕಣ್ಣೆತ್ತದೆ ಇದೇ ಮಾತು ಆಡಿದ್ದ. ಇವರ ಜಾತಿಯನ್ನು ಕುರಿತು ಆಡಿದ್ದ. ಅಂದು ಅವರು ಊಟ ಮಾಡಲಿಲ್ಲ. ಕಾರಣ ಗುಡ್ಡವ್ವನೊಬ್ಬಳಿಗೇ ಗೊತ್ತಿತ್ತು. ಈಗ ಅದೇ ಮಾತು ಮಗನ ಬಾಯಿಂದ, ಒಡಹುಟ್ಟಿದ ತಂಗಿಯ ಮೇಲೆ.

ಗದರಿಸಬೇಕೆಂದರೆ ನಾಲಿಗೆ ಏಳಲಿಲ್ಲ. ಫೋನ್ ಬಂದಿತ್ತು. ಎತ್ತಿದವರು ಅವರೇ.

ಹನ್ನೊಂದು ದಿನದ ಹಿಂದೆ, ಪ್ರತಾಪ ಜಳಕಕ್ಕೆ ಹೋದಾಗ, ಅವನ ಫೋನ್ ರಿಂಗಾಗಿತ್ತು. "ಸಂಘಮಿತ್ರಾ ಅವರು ಇದ್ದಾರಾ?" ಎಂದು ಒಬ್ಬ ಹೆಣ್ಣುಮಗಳು ಕೇಳಿದಳು. "ನಾನು ಅವರ ತಂದಿ. ಏನಿದ್ರೂ ನನಗ ಹೇಳ್ರಿ" ಎಂದರು. ಶುಕ್ರವಾರ ಸಂದರ್ಶನ, ತಿಂಗಳಿಗೆ ಒಂದು ವಾರ ರಾತ್ರಿ ಪಾಳಿ ಇರುತ್ತದೆ, ಅವರಿಗೆ ಅಡ್ಡಿಯಿಲ್ಲವೇ ಎಂದು ಆಕೆ ಕೇಳಿದಳು. "ಇಲ್ರಿ, ನಮ್ಮ ಹುಡುಗಿಗೆ ಆಗೂದಿಲ್ಲ" ಎಂದು ಬಹಳ ಮರ್ಯಾದೆಯಿಂದ ಹೇಳಿ ಫೋನ್ ಕೆಳಗಿಟ್ಟರು. ಮಗಳು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಹತ್ತು ಹೆಜ್ಜೆಯ ದೂರ.

ಗುಡ್ಡವ್ವನದೂ ಹೀಗೆಯೇ ಆಗಿತ್ತು. ಎದೆಯಲ್ಲಿ ಗಂಟು ಎಂದು ಆಸ್ಪತ್ರೆಗೆ ತೋರಿಸಿದಾಗ, ಚೀಟಿ ಬರೆಯುವವಳಿಗೆ ಮಾಸ್ತರರು ಮಗನ ನಂಬರು ಹೇಳಿದ್ದರು. ವರದಿ ಬಂದಿದೆ, ತಡಮಾಡದೆ ಬನ್ನಿ ಎಂಬ ಸಂದೇಶ ಆ ಫೋನಿಗೆ ಹೋಗಿ, ಜಾಹೀರಾತುಗಳ ನಡುವೆ ಮೂರು ತಿಂಗಳು ಬಿದ್ದಿತ್ತು. "ನನ್ನ ರಿಪೋರ್ಟ್ ಬಂತೇನಪಾ?" ಎಂದು ಗುಡ್ಡವ್ವ ಎರಡು ಸಲ ಕೇಳಿದಳು. ಮೂರನೆಯ ಸಲ ಕೇಳಲು ಸಂಕೋಚಪಟ್ಟಳು. ಸಂದೇಶ ಕಣ್ಣಿಗೆ ಬೀಳುವ ಹೊತ್ತಿಗೆ ರೋಗ ಕೈಮೀರಿತ್ತು. ಮಣ್ಣಿಗೆ ಬಂದವರು ಇದು ಯಾರ ತಪ್ಪೂ ಅಲ್ಲ ಎಂದರು. ಮಾಸ್ತರರೂ ಹಾಗೆಯೇ ಅಂದುಕೊಂಡು ವರ್ಷ ಕಳೆದಿದ್ದರು.

ಮರುದಿನ ಸಂಜೆ ವಂದನೆಗೆ ಕೂತರು. ಕೊಲ್ಲೆನು ಎಂದರು, ಕದಿಯೆನು ಎಂದರು, ಮೂರನೆಯದನ್ನೂ ಹೇಳಿದರು. ನಾಲ್ಕನೆಯದು ಸುಳ್ಳಾಡೆನು ಎಂಬ ಶೀಲ. ಅಲ್ಲಿ ದನಿ ನಿಂತಿತು. ಮಕ್ಕಳು ಕಾದರು. ಮರೆತಿರಬೇಕೆಂದು ಸಂಘಮಿತ್ರಾ ಮೆಲ್ಲಗೆ ಮೊದಲ ಪದ ಎತ್ತಿಕೊಟ್ಟಳು.

"ಮರತಿಲ್ಲವಾ" ಎಂದರು ಮಾಸ್ತರರು. "ನಿನ್ನ ಫೋನ್ ಬಂದಿತ್ತು. ಆಗೂದಿಲ್ಲ ಅಂತ ಹೇಳಿ ಇಟ್ಟೆ. ಹನ್ನೆರಡು ದಿನದಿಂದ ನೀ ಕೇಳೂದನ್ನ ಕೇಳ್ಕೋತ ಕುಂತೇನಿ."

ಅವಳು ಅಳಲಿಲ್ಲ. ತಾಯಿಯ ಫೋಟೋ ನೋಡಿದಳು.

"ರಾತ್ರಿ ಪಾಳಿ ಬ್ಯಾಡಂತ ನಾನ ಹೇಳ್ತಿದ್ನೇನೋ, ಅಪ್ಪಾ. ಹೇಳ್ತಿದ್ದಿಲ್ಲೇನೋ. ಆದ್ರ ಅವರು ಕೇಳಿದ್ದು ನನ್ನ. ಅವ್ವಗ ಬಂದ ಸುದ್ದಿನೂ ಅವ್ವಂದ ಆಗಿತ್ತು."

ಪ್ರತಾಪ ತಲೆ ತಗ್ಗಿಸಿದ. ಮಾಸ್ತರರು ಅವನ ಕಡೆ ತಿರುಗಿ, ಶಿಕ್ಷಕರ ಕೋಣೆಯಲ್ಲಿ ತಾವು ಕೇಳಿಸಿಕೊಂಡದ್ದನ್ನು ಮೊದಲ ಬಾರಿಗೆ ಹೇಳಿದರು. "ನಾಕ್ ಮಾರ್ಕ್ಸ್ ಅಂದ್ಯಲ್ಲ, ಅದ ಮಾತು, ತಮ್ಮಾ. ಅಂದು ನನಗ, ಇಂದು ಇಕಿಗೆ."

ಮುಂಜಾನೆ ತಂದೆ ಮಗಳು ಲಕಮನಹಳ್ಳಿಗೆ ಹೋದರು. ಕಚೇರಿಯ ಅಧಿಕಾರಿಣಿ ಮಾಸ್ತರರ ತಪ್ಪೊಪ್ಪಿಗೆಯನ್ನು ಸಮಾಧಾನದಿಂದಲೇ ಕೇಳಿದಳು. ಆ ಜಾಗ ತುಂಬಿತ್ತು. ಮುಂದಿನ ತಿಂಗಳು ಮತ್ತೆ ತೆಗೆದುಕೊಳ್ಳುತ್ತೇವೆ ಎಂದು ಹೊಸ ಅರ್ಜಿ ಕೊಟ್ಟಳು. ಸಂಘಮಿತ್ರಾ ತನ್ನ ನಂಬರು ಬರೆದಳು. ಕೊನೆಯ ಹಾಳೆಯನ್ನು ಅಧಿಕಾರಿಣಿ ಮಾಸ್ತರರ ಮುಂದೆ ಸರಿಸಿದಳು.

"ಇಲ್ಲಿ ಪಾಲಕರ ಒಪ್ಪಿಗಿ, ಸರ್. ರಾತ್ರಿ ಪಾಳಿ ಇರ್ತದಲ್ಲ, ನಾಳೆ ನೀವ ಬಂದು ಜಗಳಾ ತಗೀಬಾರದು."

"ಮೇಡಂ, ನಿಯಮದಾಗ ಕೆಲಸ ಮಾಡೋ ಹೆಣ್ಮಗಳ ಒಪ್ಪಿಗಿ ಬೇಕಂತದ. ಅಪ್ಪಂದಲ್ಲ" ಎಂದಳು ಸಂಘಮಿತ್ರಾ. "ನನಗ ಇಪ್ಪತ್ನಾಲ್ಕು ವರ್ಷ. ಯಾ ಗಾಡಿಯಾಗ ಮನಿಗೆ ಬಿಡ್ತೀರಿ, ಜೋಡಿ ಯಾರಿರ್ತಾರ, ಅದನ್ನ ಹೇಳ್ರಿ. ಕೇಳಿ ನಾನ ಸಹಿ ಮಾಡ್ತೇನಿ."

"ನಿಯಮ ಇರಬಹುದು. ನಮ್ಮಲ್ಲಿ ರೂಢಿ ಹಿಂಗ ಅದ. ಸಹಿ ಇಲ್ಲಂದ್ರ ಅರ್ಜಿ ಮುಂದ ಹೋಗೂದು ಕಠಿಣ."

ಮಾಸ್ತರರ ಪೆನ್ನು ಆಗಲೇ ಕೈಯಲ್ಲಿತ್ತು. ಒಂದು ಸಹಿ ಹಾಕಿದರೆ ಕೆಡಿಸಿದ್ದನ್ನು ಸರಿಪಡಿಸಬಹುದು ಎಂದು ಮನಸ್ಸು ಹೇಳಿತು. ಮಗಳ ಮುಖ ನೋಡಿದರು. ಅವಳು ತಲೆಯಾಡಿಸಿದಳು, ಬೇಡವೆಂದು. ಮಾಸ್ತರರು ಪೆನ್ನಿಗೆ ಟೊಪ್ಪಿಗೆ ಹಾಕಿದರು.

"ಇದು ನಾ ಮಾಡೂ ಸಹಿ ಅಲ್ಲ, ತಾಯಿ" ಎಂದರು ಅಧಿಕಾರಿಣಿಗೆ. "ಹೆಣ್ಮಕ್ಕಳ ಪರವಾಗಿ ನಾನು ಭಾಳ ಮಾತಾಡೇನಿ. ಒಬ್ಬಾಕಿ ಅದರಿಂದಾನ ಹ್ವಾದಳು."

ಆಕೆ ಸಹಿಯಿಲ್ಲದ ಹಾಳೆಯನ್ನು ಹಾಗೆಯೇ ಅರ್ಜಿಯೊಳಗೆ ಸೇರಿಸಿ, "ಮ್ಯಾಲಿನವರನ್ನ ಕೇಳ್ತೇನಿ" ಎಂದಳು.

ಐದು ವಾರ ಕಳೆದವು. ಸಂಘಮಿತ್ರಾ ಈಗ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಒಂದು ಸಂಜೆ ವಂದನೆಯ ನಡುವೆ, ಗುಡ್ಡವ್ವನ ಫೋಟೋದ ಪಕ್ಕದಲ್ಲಿಟ್ಟ ಸಂಘಮಿತ್ರಾಳ ಫೋನ್ ರಿಂಗಾಯಿತು. ಪ್ರತಾಪ ರೂಢಿಯಂತೆ ಕೈ ಚಾಚಿದ. ಚಾಚಿದ ಕೈಯನ್ನು ತಾನೇ ಹಿಂದಕ್ಕೆ ತೆಗೆದುಕೊಂಡ. ಸಂಘಮಿತ್ರಾ ಎದ್ದು ಫೋನ್ ತೆಗೆದುಕೊಂಡು ಕಟ್ಟೆಗೆ ಹೋದಳು.

ಮಾಸ್ತರರು ನಾಲ್ಕನೆಯ ಶೀಲವನ್ನು ನಿಲ್ಲದೆ ಹೇಳಿದರು. ಹೊರಗಿನಿಂದ ಮಗಳ ದನಿ ಕೇಳುತ್ತಿತ್ತು.

"ಹೌದ್ರಿ, ನಾನ ಸಂಘಮಿತ್ರಾ ಮಾತಾಡಾಕತ್ತೇನಿ. ಹೇಳ್ರಿ."